ಅಮಾವಾಸ್ಯೆಯ ಮೀನು ಮತ್ತು ಮಂದಣ್ಣನ ಅರಿವು

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಪ್ರಕಟವಾದದ್ದು 1980ರಲ್ಲಿ. ಮರುವರ್ಷವೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕಾಶನದಿಂದ ‘ವರ್ಡ್ಸ್ ಆಫ್ ದ ಲಗೂನ್’ ಎಂಬ ಪುಸ್ತಕ ಬಂತು. ಬರೆದವರು ರಾಬರ್ಟ್ ಜೋಹಾನ್ಸ್ ಎಂಬ ಕಡಲ ಜೀವವಿಜ್ಞಾನಿ. ಶಾಂತಸಾಗರದ ಪಲಾವು ದ್ವೀಪಗಳ ಬೆಸ್ತರಿಗೆ ಮೀನಿನ ಬಗ್ಗೆ ಏನೇನು ಗೊತ್ತು ಎಂಬುದೇ ಆ ಪುಸ್ತಕದ ವಸ್ತು. ಒಂದು ಮೂಡಿಗೆರೆಯ ಕಾಡಿನ ಕಾದಂಬರಿ, ಇನ್ನೊಂದು ಹವಳದ ದಿಬ್ಬಗಳ ಬಗೆಗಿನ ವಿಜ್ಞಾನ ಗ್ರಂಥ. ಇವೆರಡಕ್ಕೂ ನೇರ ಸಂಬಂಧವೇನೂ ಇಲ್ಲ. ಆದರೂ ಎರಡರ ನಡುವೆ ನಿಂತಿರುವ ಚಿತ್ರ ಒಂದೇ: ದೊಡ್ಡ ಪದವಿ ಪಡೆದ ವಿಜ್ಞಾನಿಯೊಬ್ಬ ಯಾವ ಪದವಿಯೂ ಇಲ್ಲದ ಮನುಷ್ಯನ ಹಿಂದೆ ನಡೆದು ಕಲಿಯುವುದು.

ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಿದರೆ ಮಂದಣ್ಣನ ಬಗ್ಗೆ ನಾವು ಆಡುತ್ತಾ ಬಂದಿರುವ ಕೆಲವು ಮಾತುಗಳು ಸಡಿಲವಾಗುತ್ತವೆ ಎಂಬುದು ನನ್ನ ಅನ್ನಿಸಿಕೆ. ತರಗತಿಯಲ್ಲಿ, ವಿಚಾರ ಸಂಕಿರಣದಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಂದಣ್ಣ ಬಂದಾಗಲೆಲ್ಲ ಅವನ ಜೊತೆಗೆ ‘ಸಹಜ’, ‘ಮುಗ್ಧ’, ‘ಅಂತಃಸ್ಫೂರ್ತಿ’ ಎಂಬ ಪದಗಳೂ ಬರುತ್ತವೆ. ಕರ್ವಾಲೊಗೆ ವಿಜ್ಞಾನ, ಮಂದಣ್ಣನಿಗೆ ಒಳಗಣ್ಣು ಎಂಬ ಹಂಚಿಕೆ ನಮಗೆ ಅಭ್ಯಾಸವಾಗಿದೆ. ಕಾದಂಬರಿಯಲ್ಲಿ ಕರ್ವಾಲೊ ಅವರೇ ಮಂದಣ್ಣನನ್ನು ಹುಟ್ಟಿನಿಂದಲೇ ನಿಸರ್ಗ ವಿಜ್ಞಾನಿ ಎಂಬ ಧಾಟಿಯಲ್ಲಿ ಮೆಚ್ಚಿಕೊಳ್ಳುವುದರಿಂದ ಈ ಓದಿಗೆ ಆಧಾರವೂ ಸಿಕ್ಕಿಬಿಡುತ್ತದೆ. ಆದರೆ ‘ಹುಟ್ಟು’ ಎಂಬ ಮಾತು ಹೊಗಳುತ್ತಲೇ ಏನನ್ನೋ ಕಸಿದುಕೊಳ್ಳುತ್ತದೆ. ಹುಟ್ಟಿನಿಂದ ಬಂದದ್ದಕ್ಕೆ ದುಡಿಮೆ ಬೇಕಿಲ್ಲ, ತಾಳ್ಮೆ ಬೇಕಿಲ್ಲ, ತಪ್ಪಿ ತಿದ್ದಿಕೊಳ್ಳುವುದು ಬೇಕಿಲ್ಲ. ಮಂದಣ್ಣನಿಗೆ ಇದ್ದದ್ದು ಅಂಥ ಬಿಟ್ಟಿ ಅರಿವೇ? ಇದಕ್ಕೆ ಉತ್ತರ ಹುಡುಕಲು ನಾನು ಮೂಡಿಗೆರೆಯಿಂದ ಸ್ವಲ್ಪ ದೂರ ಹೋಗಿ, ಹವಳದ ಮೀನುಗಳು ಮೊಟ್ಟೆಯಿಡುವ ಹೊತ್ತಿನ ಬಗ್ಗೆ ಮಾತಾಡಬೇಕು.

*

ಹವಳದ ದಿಬ್ಬದಲ್ಲಿ ಬದುಕುವ ಮೀನುಗಳಲ್ಲಿ ಬಹಳಷ್ಟು ವರ್ಷವಿಡೀ ಒಂದೇ ಸಮನೆ ಮೊಟ್ಟೆಯಿಡುವುದಿಲ್ಲ. ಅವಕ್ಕೆ ತಿಂಗಳುಗಳಿವೆ, ಆ ತಿಂಗಳುಗಳೊಳಗೆ ದಿನಗಳಿವೆ, ಆ ದಿನದೊಳಗೆ ಗಳಿಗೆಯೂ ಇದೆ. ದಿನವನ್ನು ನಿರ್ಧರಿಸುವುದು ಚಂದ್ರ. ನಮ್ಮ ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ‘ಮುರು’ ಎಂದು ಮಾರುವ ಮೀನಿನ ಬಳಗವನ್ನೇ ನೋಡೋಣ. ಈ ಬಳಗದ ಅನೇಕ ಮೀನುಗಳು ಉಳಿದ ಕಾಲದಲ್ಲಿ ಒಂಟಿಯಾಗಿ, ತಮ್ಮ ತಮ್ಮ ಬಂಡೆಯ ಸಂದಿಯಲ್ಲಿ ಇರುತ್ತವೆ. ಮೊಟ್ಟೆಯಿಡುವ ಕಾಲಕ್ಕೆ ದೂರದಿಂದ ಈಜಿಕೊಂಡು ಬಂದು, ದಿಬ್ಬದ ಅಂಚಿನ ಒಂದು ನಿರ್ದಿಷ್ಟ ಜಾಗದಲ್ಲಿ ನೂರಾರು, ಸಾವಿರಾರು ಸಂಖ್ಯೆಯಲ್ಲಿ ನೆರೆಯುತ್ತವೆ. ವರ್ಷ ವರ್ಷವೂ ಅದೇ ಜಾಗ, ಅದೇ ತಿಥಿಯ ಆಸುಪಾಸು. ಕೆಲವೇ ದಿನ ಇದ್ದು ಮತ್ತೆ ಚದುರಿಹೋಗುತ್ತವೆ.

ಇಂಥ ಒಂದು ನೆರೆಯುವ ಜಾಗ ಲಕ್ಷದ್ವೀಪದ ಬಿತ್ರ ಎಂಬ ಪುಟ್ಟ ದ್ವೀಪದಲ್ಲಿದೆ. ಇಂಗ್ಲಿಷಿನಲ್ಲಿ ಸ್ಕ್ವೇರ್‌ಟೇಲ್ ಗ್ರೂಪರ್ ಎನ್ನುವ ಮುರು ಜಾತಿಯ ಮೀನು ಅಲ್ಲಿ ಚಳಿಗಾಲದಲ್ಲಿ, ಅಮಾವಾಸ್ಯೆಯ ಹೊತ್ತಿಗೆ ಒಟ್ಟುಗೂಡುತ್ತದೆ. ಅದನ್ನು ಅಧ್ಯಯನ ಮಾಡಿದವರು ನಮ್ಮ ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕಿ ರುಚಾ ಕರ್ಕರೆ ಮತ್ತು ಅವರ ಸಂಗಡಿಗರು. 2017ರಲ್ಲಿ ಪ್ರಕಟವಾದ ಅವರ ಪ್ರಬಂಧದ ಸ್ವಾರಸ್ಯ ಮೀನಿನ ಸಂದಣಿಯಲ್ಲಿದೆ. ಸಾಮಾನ್ಯವಾಗಿ ಈ ಜಾತಿಯಲ್ಲಿ ಒಂದು ಗಂಡು ತನ್ನ ಜಾಗ ಕಾಯ್ದುಕೊಂಡು ಒಂದು ಹೆಣ್ಣನ್ನು ಒಲಿಸಿಕೊಳ್ಳುತ್ತದೆ. ಬಿತ್ರದಲ್ಲಿ ಮೀನುಗಳು ಅಷ್ಟು ದಟ್ಟವಾಗಿ ಸೇರುವುದರಿಂದ ಕೆಲವು ದೊಡ್ಡ ಗಂಡುಗಳು ಬೇರೆಯೇ ದಾರಿ ಹಿಡಿದು, ಇಳಿಜಾರಿನಲ್ಲಿ ಸಣ್ಣ ಹೆಣ್ಣುಗಳ ಇಡೀ ಹಿಂಡನ್ನೇ ಒಲಿಸಲು ನೋಡುತ್ತವೆ. ಮೀನು ಹೇರಳವಾಗಿ ಉಳಿದ ಕಡೆ ಮಾತ್ರ ಕಾಣಬಹುದಾದ ನಡವಳಿಕೆ ಇದು. ಸಂದಣಿ ಕರಗಿದರೆ ಮೀನಿನ ಸಂಖ್ಯೆಯ ಜೊತೆಗೆ ಈ ನಡವಳಿಕೆಯೂ ಹೋಗುತ್ತದೆ.

ಬಿತ್ರ ಎಂದರೆ ಕನ್ನಡಿಗರಿಗೆ ಪರದೇಶವೆಂಬಂತೆ ಕೇಳಿಸುತ್ತದೆ. ಆದರೆ ಬಿತ್ರ ಸೇರಿದ ಅಮಿನ್‌ದಿವಿ ದ್ವೀಪಗಳು 1956ರವರೆಗೂ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಮಂಗಳೂರಿನ ಕಲೆಕ್ಟರ ಆಡಳಿತ ಅಲ್ಲಿಯವರೆಗೂ ಚಾಚಿತ್ತು. ಅಂದರೆ ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು 1941ರಲ್ಲಿ ‘ಮರಳಿ ಮಣ್ಣಿಗೆ’ ಪ್ರಕಟಿಸಿದಾಗ, ಈ ಹವಳದ ದಿಬ್ಬ ಅವರದೇ ಜಿಲ್ಲೆಯಲ್ಲಿತ್ತು. ಆ ಕಾದಂಬರಿಯಲ್ಲಿ ಕಡಲಿದೆ. ಕಡಲಿಗೂ ಹೊಳೆಗೂ ನಡುವಿನ ಮರಳು ನೆಲದ ಬದುಕಿದೆ. ಆದರೆ ಕಡಲಿನೊಳಗೆ ಕನ್ನಡ ಗದ್ಯ ಬಹಳ ಕಾಲ ಇಳಿಯಲಿಲ್ಲ. ಅಂಡಮಾನಿನ ಕಡಲನ್ನೂ ಅಲ್ಲಿನ ಮೀನು ಬೇಟೆಯನ್ನೂ ಕನ್ನಡಕ್ಕೆ ತರಲು ಗಾಳದ ಹುಚ್ಚಿದ್ದ ತೇಜಸ್ವಿಯೇ ಬರಬೇಕಾಯಿತು. ಭಟ್ಕಳ ತಾಲ್ಲೂಕಿನ ಕಡಲಿನಲ್ಲಿ ನಮ್ಮದೇ ನೇತ್ರಾಣಿ ದ್ವೀಪವಿದೆ, ಅದರ ಸುತ್ತ ಹವಳವೂ ಹವಳದ ಮೀನುಗಳೂ ಇವೆ. ಅದರ ಬಗ್ಗೆ ನಮಗೆ ಪ್ರವಾಸದ ಜಾಹೀರಾತು ಸಿಗುವಷ್ಟು ಸುಲಭವಾಗಿ ಗದ್ಯ ಸಿಗುವುದಿಲ್ಲ.

*

ಮೀನುಗಳಿಗೆ ಚಂದ್ರನೇ ಯಾಕೆ? ಇದಕ್ಕೆ ವಿಜ್ಞಾನಿಗಳು ಒಂದೇ ಉತ್ತರ ಕೊಡುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರದ ನಂತರ ಇಳಿಯುವ ನೀರು, ತೇಲುವ ಮೊಟ್ಟೆಗಳನ್ನು ದಿಬ್ಬದ ಹಸಿದ ಬಾಯಿಗಳಿಂದ ದೂರಕ್ಕೆ ಒಯ್ಯುತ್ತದೆ ಎಂಬುದು ಒಂದು ವಾದ. ಕಡಲಿನಲ್ಲಿ ವಾರಗಟ್ಟಲೆ ತೇಲಿ ಬೆಳೆದ ಮರಿಗಳು ದಿಬ್ಬಕ್ಕೆ ಮರಳುವ ಇರುಳು ಕತ್ತಲೆಯದಾಗಿದ್ದರೆ ಒಳ್ಳೆಯದು, ಅದಕ್ಕೆ ತಕ್ಕಂತೆ ಮೊಟ್ಟೆಯಿಡುವ ದಿನ ಹೊಂದಿಕೊಂಡಿದೆ ಎಂಬುದು ಇನ್ನೊಂದು. ಎಲ್ಲವೂ ಒಂದೇ ದಿನ ಮೊಟ್ಟೆಯಿಟ್ಟರೆ ತಿನ್ನುವವರು ಎಷ್ಟು ತಿಂದರೂ ಒಂದಷ್ಟು ಉಳಿಯುತ್ತದೆ ಎಂಬುದು ಮೂರನೆಯದು. ಇವೆಲ್ಲಕ್ಕಿಂತ ಸರಳವಾದದ್ದು, ಚದುರಿ ಬದುಕುವ ಜೀವಿಗಳು ಒಂದೆಡೆ ಸೇರಬೇಕಾದರೆ ಎಲ್ಲರಿಗೂ ಕಾಣುವ ಒಂದು ಗುರುತು ಬೇಕು ಎಂಬ ವಾದ. ಆಕಾಶದಲ್ಲಿ ಅಂಥ ಗುರುತು ಚಂದ್ರನಿಗಿಂತ ಸ್ಪಷ್ಟವಾದದ್ದು ಇಲ್ಲ.

ಬಂಡಳ್ಳಿಯಲ್ಲಿ ಬೆಳೆದ ನನಗೆ ಈ ಕೊನೆಯ ವಾದ ತಕ್ಷಣ ಅರ್ಥವಾಗುತ್ತದೆ. ನಮ್ಮ ಕಡೆ ಮಾದಪ್ಪನ ಬೆಟ್ಟಕ್ಕೆ ಪರಸೆ ಹೋಗುವುದು ಅಮಾವಾಸ್ಯೆಗೆ. ಯಾರೂ ಯಾರಿಗೂ ಕಾಗದ ಬರೆಯಬೇಕಿಲ್ಲ, ಫೋನು ಮಾಡಬೇಕಿಲ್ಲ. ಮಹಾಲಯ ಅಮಾವಾಸ್ಯೆಗೆ, ದೀಪಾವಳಿಗೆ, ಶಿವರಾತ್ರಿಗೆ, ಯುಗಾದಿಗೆ ಕೊಳ್ಳೇಗಾಲ, ಹನೂರು, ಮಂಡ್ಯ, ಕಾವೇರಿಯಾಚೆಯ ತಮಿಳುನಾಡಿನ ಊರುಗಳಿಂದ ಜನ ನೆರೆಯುತ್ತಾರೆ, ಮತ್ತೆ ಚದುರುತ್ತಾರೆ. ಆದರೆ ಇದೇ ಜನ ಬಿತ್ತನೆಗೆ ಚಂದ್ರನನ್ನು ಕೇಳುವುದಿಲ್ಲ. ಬಿತ್ತನೆಗೆ ಮಳೆ ನಕ್ಷತ್ರ ನೋಡುತ್ತಾರೆ. ಭರಣಿ, ರೋಹಿಣಿ, ಆರಿದ್ರ ಎಂದು ನಾವು ಹೇಳುವ ಮಳೆಗಳು ಸೂರ್ಯ ಆಯಾ ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳ ಲೆಕ್ಕ. ಬೆಳೆಗೆ ಸೂರ್ಯ, ಜಾತ್ರೆಗೆ ಚಂದ್ರ. ಎರಡು ಗಡಿಯಾರಗಳನ್ನು ಒಟ್ಟಿಗೆ ಇಟ್ಟುಕೊಂಡು ಬದುಕುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ.

ಹವಳದ ಮೀನುಗಳ ವಿಷಯವೂ ಹೀಗೆಯೇ. ತಿಂಗಳನ್ನು ಹೇಳುವುದು ಸೂರ್ಯ: ನೀರಿನ ಬಿಸಿ, ಹಗಲಿನ ಉದ್ದ. ದಿನವನ್ನು ಹೇಳುವುದು ಚಂದ್ರ. ಗಳಿಗೆಯನ್ನು ಹೇಳುವುದು, ಅನೇಕ ಜಾತಿಗಳಲ್ಲಿ, ಹೊತ್ತು ಮುಳುಗುವ ಸಮಯ. ಬಿತ್ರದ ಅದೇ ಜಾತಿಯ ಮೀನು ಪಲಾವಿನಲ್ಲೂ ಅಮಾವಾಸ್ಯೆಯ ಆಸುಪಾಸಿನಲ್ಲೇ ನೆರೆಯುತ್ತದೆ. ಆದರೆ ಅಲ್ಲಿ ಅದರ ಕಾಲ ನಮ್ಮ ಬೇಸಿಗೆ ಮತ್ತು ಮಳೆಗಾಲದ ತಿಂಗಳುಗಳು, ಇಲ್ಲಿ ಚಳಿಗಾಲ. ತಿಥಿ ಒಂದೇ, ಮಾಸ ಬೇರೆ. ಒಂದು ಊರಿನ ಪಂಚಾಂಗವನ್ನು ಇನ್ನೊಂದು ಊರಿಗೆ ಹಾಗೆಯೇ ಹೊತ್ತುಕೊಂಡು ಹೋದರೆ ನಡೆಯುವುದಿಲ್ಲ.

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು ಹೇಳಬೇಕು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹತ್ತಾರು ಹವಳದ ಜಾತಿಗಳು ಕೆಲವೇ ಇರುಳುಗಳಲ್ಲಿ ಒಟ್ಟಿಗೆ ಮೊಟ್ಟೆ ಬಿಡುತ್ತವೆ ಎಂಬುದು 1984ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನದಿಂದ ಜಗತ್ತಿಗೆಲ್ಲ ಗೊತ್ತಾಯಿತು. ಇಂಗ್ಲಿಷ್ ಪ್ರಬಂಧಗಳು ಅದನ್ನು ಹುಣ್ಣಿಮೆಯಾದ ನಾಲ್ಕರಿಂದ ಆರನೆಯ ಇರುಳು ಎಂದು ಎಣಿಸಿ ಹೇಳುತ್ತವೆ. ನಮಗೆ ಎಣಿಸುವ ಅಗತ್ಯವಿಲ್ಲ, ಬಹುಳ ಚೌತಿಯಿಂದ ಷಷ್ಠಿಯವರೆಗೆ ಎಂದರೆ ಸಾಕು. ಜಪಾನಿನ ಒಕಿನಾವಾದಲ್ಲಿ ರ‍್ಯಾಬಿಟ್‌ಫಿಶ್ ಎಂಬ ಪಾಚಿ ಮೇಯುವ ಮೀನಿನ ಒಂದು ಜಾತಿ ಮೊಟ್ಟೆಯಿಡುವುದು ಶುಕ್ಲಪಕ್ಷದ ಅಷ್ಟಮಿಯ ಸುತ್ತ. ಕೆರಿಬಿಯನ್ ಕಡಲಿನ ನಸಾವು ಗ್ರೂಪರ್‌ನದು ಚಳಿಗಾಲದ ಹುಣ್ಣಿಮೆ. ಬಿತ್ರದ ಮೀನಿನದು ಅಮಾವಾಸ್ಯೆ. ಪ್ರತಿಯೊಂದು ಜಾತಿಗೂ ಒಂದೊಂದು ತಿಥಿ, ಪ್ರತಿಯೊಂದು ತಿಥಿಗೂ ಕನ್ನಡದಲ್ಲಿ ಆಗಲೇ ಇರುವ ಹೆಸರು. ಕನ್ನಡದಲ್ಲಿ ವಿಜ್ಞಾನ ಬರೆಯಲು ಪದಗಳಿಲ್ಲ ಎಂದು ಕೊರಗುವವರು ಇದನ್ನು ಗಮನಿಸಬೇಕು. ಪದಗಳು ಪಂಚಾಂಗದಲ್ಲಿ, ಅಜ್ಜಿಯ ಬಾಯಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ ಇವೆ. ನಾವು ಅವನ್ನು ಪೂಜೆಗೆ ಮೀಸಲಿಟ್ಟು ವಿಜ್ಞಾನದ ಪುಟದಿಂದ ಹೊರಗಿಟ್ಟಿದ್ದೇವೆ.

ಕಾವ್ಯಮೀಮಾಂಸೆಯೂ ಇದೇ ಕೆಲಸವನ್ನು ತನ್ನ ರೀತಿಯಲ್ಲಿ ಮಾಡಿತು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕು ಎಂಬ ಪಟ್ಟಿಯಲ್ಲಿ ಸಮುದ್ರವಿದೆ, ಋತುವಿದೆ, ಚಂದ್ರೋದಯವಿದೆ. ಮೂರೂ ಬೇರೆ ಬೇರೆ. ಕವಿ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗುತ್ತಾನೆ. ಚಂದ್ರನನ್ನು ಕಂಡು ಕಡಲು ಉಕ್ಕುವುದು ಒಂದು ಸೊಗಸಾದ ಕವಿಸಮಯವಾಗಿ ಉಳಿಯಿತು. ಹವಳದ ದಿಬ್ಬದಲ್ಲಿ ಈ ಮೂರೂ ಒಂದೇ ಸಂಗತಿ: ಋತು, ಕಡಲು, ಚಂದ್ರ ಕೂಡಿದಲ್ಲಿ ಮಾತ್ರ ಮೀನಿನ ಮೊಟ್ಟೆ. ನಮ್ಮ ಬರಹದ ಪರಂಪರೆ ಚಂದ್ರನನ್ನು ಅಂದವಾಗಿ ಕಂಡಿತು, ನಮ್ಮ ಮಾದಪ್ಪನ ಗುಡ್ಡರ ಪರಂಪರೆ ಅವನನ್ನು ಕಾಲವಾಗಿ ಕಂಡಿತು. ಕಂಸಾಳೆ ಹಿಡಿದು ಹಾಡುವವರಿಗೆ ಅಮಾವಾಸ್ಯೆ ಉಪಮೆಯಲ್ಲ, ಹೊರಡಬೇಕಾದ ದಿನ.

*

ಈಗ ಜೋಹಾನ್ಸ್ ಅವರ ಪುಸ್ತಕಕ್ಕೆ ಬರೋಣ. ಅವರು 1970ರ ದಶಕದಲ್ಲಿ ಪಲಾವಿಗೆ ಹೋದಾಗ ಅವರ ವಿದ್ಯೆಗೆ ಗೊತ್ತಿದ್ದ, ಚಂದ್ರನ ಲೆಕ್ಕದಲ್ಲಿ ಮೊಟ್ಟೆಯಿಡುವ ಮೀನುಗಳ ಪಟ್ಟಿ ಚಿಕ್ಕದು. ಅಲ್ಲಿನ ಬೆಸ್ತರ ಜೊತೆ ದೋಣಿಯಲ್ಲಿ ಕೂತು, ಅವರಲ್ಲಿ ಹಿರಿಯರನ್ನು ಕೇಳಿ ಕೇಳಿ ಅವರು ಬರೆದುಕೊಂಡ ಪಟ್ಟಿ ಅದಕ್ಕಿಂತ ಉದ್ದವಾಗಿತ್ತು. ಯಾವ ಮೀನು ಯಾವ ತಿಂಗಳಲ್ಲಿ, ಚಾಂದ್ರಮಾನದ ಯಾವ ದಿನ, ದಿಬ್ಬದ ಯಾವ ಬಾಯಿಯಲ್ಲಿ ಸೇರುತ್ತದೆ ಎಂಬುದು ಆ ಬೆಸ್ತರಿಗೆ ಗೊತ್ತಿತ್ತು. ಪ್ರಯೋಗಾಲಯಗಳು ವರ್ಷಗಟ್ಟಲೆ ದುಡಿದು ಕಲೆಹಾಕಬೇಕಾದದ್ದು ಒಂದು ದ್ವೀಪದ ಬಾಯಿಮಾತಿನಲ್ಲಿ ಸಿಕ್ಕಿತು.

ಇದನ್ನು ಹೇಳಿ ನಿಲ್ಲಿಸಿದರೆ ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಎಂಬ ಭಾಷಣಕ್ಕೆ ಇನ್ನೊಂದು ಉದಾಹರಣೆ ಸಿಕ್ಕಂತಾಗುತ್ತದೆ. ಜೋಹಾನ್ಸ್ ಹಾಗೆ ನಿಲ್ಲಿಸುವುದಿಲ್ಲ, ಪುಸ್ತಕದ ಬೆಲೆ ಇರುವುದೇ ಅಲ್ಲಿ. ಅವರು ಕೇಳಿದ್ದನ್ನು ನೋಡಿ ಪರೀಕ್ಷಿಸುತ್ತಾರೆ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಪಕ್ಕದಲ್ಲಿಡುತ್ತಾರೆ, ನಂಬಿಕೆಯನ್ನು ನಂಬಿಕೆ ಎಂದೂ ಕಂಡದ್ದನ್ನು ಕಂಡದ್ದು ಎಂದೂ ಬೇರೆ ಮಾಡುತ್ತಾರೆ. ಹಾಗೆ ಸೋಸಿದಾಗ ತಿಳಿಯುವುದು ಒಂದು ಮುಖ್ಯ ಸಂಗತಿ: ಬೆಸ್ತರ ಅರಿವು ಚೆನ್ನಾಗಿರುವುದು ಅವರು ದಿನನಿತ್ಯ ಪರೀಕ್ಷಿಸುವ ವಿಷಯಗಳಲ್ಲಿ. ತಿಥಿ ತಪ್ಪಿದರೆ ಬಲೆ ಬರಿದಾಗುತ್ತದೆ. ತಪ್ಪು ಹೇಳಿದ ಅಜ್ಜನ ಮಾತು ಮುಂದಿನ ತಲೆಮಾರಿಗೆ ದಾಟುವುದಿಲ್ಲ. ಇದು ಸ್ಫೂರ್ತಿಯಲ್ಲ, ವಿಧಾನ. ಅದರ ದಾಖಲೆ ಕಾಗದದ ಮೇಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಬೆಳಕಿನಲ್ಲಿ ಮತ್ತೆ ಮಂದಣ್ಣನ ಹತ್ತಿರ ಬಂದರೆ ಕಾದಂಬರಿಯ ಘಟನೆಗಳು ‘ಹುಟ್ಟು’ ಎಂಬ ಮಾತಿನ ವಿರುದ್ಧ ನಿಂತಿರುವುದು ಕಾಣುತ್ತದೆ. ಮಂದಣ್ಣ ಜೇನು ಸಾಕುವವನು. ಜೇನು ಸಾಕುವವನಿಗೆ ಯಾವ ಹೂ ಯಾವಾಗ ಬಿಡುತ್ತದೆ, ಹುಳು ಯಾವಾಗ ಪಾಲಾಗುತ್ತದೆ, ಯಾವಾಗ ಗೂಡು ಬಿಟ್ಟು ಹೋಗುತ್ತದೆ ಎಂಬುದು ತಿಳಿಯದಿದ್ದರೆ ಪೆಟ್ಟಿಗೆ ಬರಿದಾಗುತ್ತದೆ, ಬಿತ್ರದ ಬೆಸ್ತನ ಬಲೆಯ ಹಾಗೆ. ಇರುಳಿನಲ್ಲಿ ಮಿಣುಕುವ ಹುಳುಗಳ ಹಿಂದೆ ಕರ್ವಾಲೊ ಹೋಗುವಾಗ ಅವನು ಜೊತೆಗಿರುವುದು, ಆ ಕಾಡಿನ ಇರುಳು ಅವನಿಗೆ ನೋಡಿ ನೋಡಿ ಗೊತ್ತಿರುವುದರಿಂದ. ಹಾರುವ ಓತಿಯನ್ನು ಅವನು ಕಂಡಿದ್ದೂ ಪವಾಡವಲ್ಲ. ಅವನು ಆ ಕಾಡಿನಲ್ಲಿದ್ದ, ನೋಡಿದ, ನೋಡಿದ್ದು ಬೇರೆಯದೆಂದು ಗುರುತಿಸಿದ. ಮೂರನೆಯದೇ ವಿಜ್ಞಾನ. ಬೇರೆಯದೆಂದು ಗುರುತಿಸಬೇಕಾದರೆ ಸಾಮಾನ್ಯವಾದದ್ದು ಏನೆಂದು ಮೊದಲು ಗೊತ್ತಿರಬೇಕು. ಊರಿನವರಿಗೆ ಅವನು ಉಂಡಾಡಿ, ಸರ್ಕಾರಕ್ಕೆ ಕಳ್ಳಭಟ್ಟಿಯ ಆರೋಪಿ. ನಿರೂಪಕನಿಗೂ ಮೊದಲು ಇಂಥವನ ಸಂಗಡ ವಿಜ್ಞಾನಿಗೇನು ಕೆಲಸ ಎಂಬ ಅನುಮಾನ. ವಿಮರ್ಶೆ ಅವನನ್ನು ‘ಮುಗ್ಧ’ ಎಂದು ಕರೆದಾಗ ಊರಿನವರ ತೀರ್ಮಾನವನ್ನೇ ಸ್ವಲ್ಪ ಮೃದುವಾಗಿ ಹೇಳಿದಂತಾಗುತ್ತದೆ.

ಇಂಥ ಮಂದಣ್ಣರು ಕಾದಂಬರಿಯಲ್ಲಿ ಮಾತ್ರ ಇಲ್ಲ. ನಮ್ಮ ಪಕ್ಕದ ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ತರಗು ಬೆಂಕಿ ಹಾಕುವುದನ್ನು ಅರಣ್ಯ ಇಲಾಖೆ ನಿಲ್ಲಿಸಿದ ಮೇಲೆ ನೆಲ್ಲಿ ಮರಗಳಿಗೆ ಬಂದಳಿಕೆ ಹೆಚ್ಚು ಹತ್ತುತ್ತಿದೆ ಎಂದು ಹೇಳುತ್ತಿದ್ದರು. ಅದನ್ನು ಪರಿಸರ ವಿಜ್ಞಾನದ ಪತ್ರಿಕೆಗಳು ಗಂಭೀರವಾಗಿ ಚರ್ಚಿಸಿದ್ದು 2010ರ ಹೊತ್ತಿಗೆ. ಮರುವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಅರಿವನ್ನು ಮೆಚ್ಚುವುದು ಒಂದು, ಅರಿವಿದ್ದವರಿಗೆ ಅಧಿಕಾರ ಕೊಡುವುದು ಇನ್ನೊಂದು. ಕರ್ವಾಲೊ ಮಂದಣ್ಣನನ್ನು ಮೆಚ್ಚುತ್ತಾರೆ, ಆದರೆ ಆ ಮೆಚ್ಚುಗೆಯಿಂದ ಮಂದಣ್ಣನ ಊರಿನ ಸ್ಥಾನಮಾನ ಬದಲಾಗುವುದಿಲ್ಲ ಎಂಬುದನ್ನೂ ತೇಜಸ್ವಿ ಕಾಣಿಸಿದ್ದಾರೆ.

*

ಇಲ್ಲಿಗೆ ವಾದ ಮುಗಿದಿದ್ದರೆ ಸುಲಭವಾಗುತ್ತಿತ್ತು. ಆದರೆ ತಿಥಿಯ ಅರಿವಿಗೆ ಇನ್ನೊಂದು ಮುಖವಿದೆ. ಯಾವ ದಿನ, ಯಾವ ಜಾಗದಲ್ಲಿ ಸಾವಿರ ಮೀನು ಸೇರುತ್ತದೆ ಎಂದು ತಿಳಿದವನು ಅವನ್ನು ಒಂದೇ ವಾರದಲ್ಲಿ ಬಾಚಿಬಿಡಬಲ್ಲ. ಕೆರಿಬಿಯನ್ ಕಡಲಿನ ನಸಾವು ಗ್ರೂಪರ್ ಹೀಗೆಯೇ ನಾಶದ ಅಂಚಿಗೆ ಬಂತು. ಹುಣ್ಣಿಮೆಗೆ ಅದು ಸೇರುವ ಜಾಗಗಳು ಗೊತ್ತಾದವು, ದೋಣಿಗಳು ಹೋದವು, ಒಂದಾದ ಮೇಲೊಂದು ಜಾಗ ಬರಿದಾಯಿತು. ಮುರು ಬಳಗದ ಅನೇಕ ಮೀನುಗಳು ಮೊದಲು ಹೆಣ್ಣಾಗಿದ್ದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡ ಮೀನನ್ನೇ ಆರಿಸಿ ಹಿಡಿದರೆ ಗಂಡುಗಳೇ ಇಲ್ಲದ ಹಿಂಡು ಉಳಿಯುತ್ತದೆ. ಆಗ್ನೇಯ ಏಷ್ಯಾದ ದಿಬ್ಬಗಳಿಂದ ಹಾಂಗ್‌ಕಾಂಗಿನ ಹೋಟೆಲುಗಳಿಗೆ ಜೀವಂತ ಮೀನು ಸಾಗಿಸುವ ವ್ಯಾಪಾರ ಬೆಳೆದದ್ದೂ ಇಂಥ ತಿಥಿಯ ಅರಿವಿನ ಬೆನ್ನೇರಿ. ಬೆಸ್ತನ ಗುಟ್ಟನ್ನು ಪುಸ್ತಕ ಮಾಡುವ ವಿಜ್ಞಾನಿ, ಹಾಗಾದರೆ, ಆ ಗುಟ್ಟನ್ನು ಯಾರ ಕೈಗೆ ಕೊಡುತ್ತಿದ್ದಾನೆ?

ಪಲಾವಿನ ಹಳೆಯ ಕ್ರಮದಲ್ಲಿ ಇದಕ್ಕೆ ಒಂದು ಉತ್ತರವಿತ್ತು. ಮೀನು ಸೇರುವ ಕಾಲದಲ್ಲಿ ಊರಿನ ಹಿರಿಯರು ಆ ಜಾಗಕ್ಕೆ ‘ಬುಲ್’ ಎಂಬ ತಡೆ ಹಾಕುತ್ತಿದ್ದರು, ಯಾರೂ ಅಲ್ಲಿ ಬಲೆ ಬೀಸುವಂತಿಲ್ಲ. ತಿಥಿಯ ಅರಿವು ಒಂದು ಕೈಯಾದರೆ ತಡೆ ಇನ್ನೊಂದು ಕೈ. 1994ರಲ್ಲಿ ಪಲಾವಿನ ಸರ್ಕಾರ ಕಾನೂನು ಮಾಡಿ ಏಪ್ರಿಲ್‌ನಿಂದ ಜುಲೈವರೆಗೆ ಮುರು ಜಾತಿಯ ಹಲವು ಮೀನುಗಳನ್ನು ಹಿಡಿಯುವುದನ್ನೇ ನಿಷೇಧಿಸಿತು. ನಮ್ಮ ಕಡೆಯೂ ಸೋಮವಾರ, ಅಮಾವಾಸ್ಯೆಗಳಂದು ಆರು ಕಟ್ಟಬಾರದು ಎಂಬ ಮಾತಿದೆ. ಅದರ ಕಾರಣವನ್ನು ಬಸವನ ಕತೆಯಾಗಿ ಹೇಳುತ್ತಾರೆ. ಕತೆ ನಿಜವೋ ಸುಳ್ಳೋ, ಎತ್ತಿಗೆ ಒಂದು ದಿನದ ಬಿಡುವು ಸಿಗುವುದಂತೂ ನಿಜ. ಎಲ್ಲ ಕಟ್ಟಳೆಗಳ ಹಿಂದೆಯೂ ಜೀವವಿಜ್ಞಾನವಿದೆ ಎಂದು ನಾನು ಹೇಳುತ್ತಿಲ್ಲ. ಕಾಲವನ್ನು ತಿಳಿಯುವುದರ ಜೊತೆಗೇ ಕೈ ತಡೆದುಕೊಳ್ಳುವುದನ್ನೂ ಕಲಿಸುವ ಒಂದು ಬಗೆಯ ಅರಿವು ಇದೆ, ಅದನ್ನು ಎರಡಾಗಿ ಸೀಳಿದರೆ ಅಪಾಯ ಎಂದಷ್ಟೇ ಹೇಳುತ್ತಿದ್ದೇನೆ.

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮಳೆಗಾಲದಲ್ಲಿ ಮೊಟ್ಟೆಯಿಡುವ ಮೀನುಗಳಿಗೂ ಬಿರುಗಾಳಿಗೆ ಸಿಗಬಹುದಾದ ಬೆಸ್ತರಿಗೂ ಇದರಿಂದ ಒಳ್ಳೆಯದಾಗಿದೆ. ಆದರೆ ಇದು ಸೂರ್ಯನ ಕ್ಯಾಲೆಂಡರು. ಚಳಿಗಾಲದ ಅಮಾವಾಸ್ಯೆಗೆ ಸೇರುವ ಬಿತ್ರದ ಮೀನಿನಂಥದ್ದಕ್ಕೆ ಇಂಥ ರಜೆಯಿಂದ ಏನೂ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ತಿಂಗಳಿಗೆ ನಾಲ್ಕಾರು ದಿನ, ಸರಿಯಾದ ದಿನ. ಆ ದಿನವನ್ನು ಹೇಳಬಲ್ಲವರು ಅಲ್ಲೇ ದೋಣಿ ನಡೆಸುವವರು.

ಗಡಿಯಾರವೇ ಕೆಡುವ ಅಪಾಯವೂ ಇದೆ. ಒಕಿನಾವಾದ ಪ್ರಯೋಗಗಳಲ್ಲಿ ರ‍್ಯಾಬಿಟ್‌ಫಿಶ್‌ಗಳಿಗೆ ಇರುಳಿನ ಬೆಳಕನ್ನು ದಿನವೂ ಒಂದೇ ರೀತಿ ಇಟ್ಟಾಗ ಅವು ಒಟ್ಟಿಗೆ ಮೊಟ್ಟೆಯಿಡುವುದು ತಪ್ಪಿತು. 2019ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಸಂಶೋಧಕರ ಪ್ರಯೋಗವೊಂದರಲ್ಲಿ, ಇರುಳಿಡೀ ವಿದ್ಯುತ್ ಬೆಳಕಿನಲ್ಲಿಟ್ಟ ಕ್ಲೌನ್‌ಫಿಶ್ ಮೊಟ್ಟೆಗಳಲ್ಲಿ ಒಂದೂ ಒಡೆದು ಮರಿಯಾಗಲಿಲ್ಲ. ಮೊಟ್ಟೆಗಳು ಬಲಿತಿದ್ದವು, ಕತ್ತಲೆಗಾಗಿ ಕಾಯುತ್ತಿದ್ದವು. ದ್ವೀಪಗಳ ದಂಡೆಗೆ ದೀಪದ ಸಾಲು, ರೆಸಾರ್ಟು, ಜೆಟ್ಟಿ ಬರುತ್ತಿರುವ ಈ ಕಾಲದಲ್ಲಿ ಇದು ಪ್ರಯೋಗಾಲಯದ ಒಳಗಿನ ಸುದ್ದಿ ಮಾತ್ರವಲ್ಲ.

*

ಇಷ್ಟೆಲ್ಲದರ ನಂತರ ‘ಕರ್ವಾಲೊ’ದ ಕೊನೆಯನ್ನು ಹೇಗೆ ಓದುವುದು? ಎಲ್ಲರಿಗೂ ನೆನಪಿರುವ ಕೊನೆ ಅದು: ನಾರ್ವೆಯ ಕಾಡಿನಲ್ಲಿ ಇಡೀ ತಂಡ ಬೆನ್ನಟ್ಟಿದ ಹಾರುವ ಓತಿ ಕೈಗೆ ಸಿಗದೆ, ಕಣ್ಣೆದುರೇ ಕಣಿವೆಯ ಆಳಕ್ಕೆ ತೇಲಿ ಮರೆಯಾಗುತ್ತದೆ. ಇದನ್ನು ನಾವು ಸಾಮಾನ್ಯವಾಗಿ ನಿಸರ್ಗದ ನಿಗೂಢತೆ ಎಂದು, ಮನುಷ್ಯನ ಅರಿವಿಗೆ ದಕ್ಕದ್ದು ಎಂದು ಓದುತ್ತೇವೆ. ಆ ಓದು ತಪ್ಪಲ್ಲ. ಕೋಟಿ ವರ್ಷಗಳ ವಿಕಾಸದ ಕಾಲ ಆ ಪುಟಗಳ ಹಿಂದೆ ನಿಂತಿದೆ, ಅದರೆದುರು ನಾವು ಸಣ್ಣವರಾಗುವುದು ನಿಜ.

ಆದರೆ ನಿಗೂಢತೆಯ ಓದು ಮಂದಣ್ಣನನ್ನು ಮತ್ತೆ ಅಂಚಿಗೆ ತಳ್ಳುತ್ತದೆ. ಓತಿ ಅವನಿಗೆ ನಿಗೂಢವಾಗಿರಲಿಲ್ಲ. ಅವನು ಅದನ್ನು ಮೊದಲೇ ಕಂಡಿದ್ದ, ಹಿಡಿಯದೆಯೇ ಕಂಡಿದ್ದ. ಹಿಡಿಯಬೇಕಾಗಿದ್ದು ಅದನ್ನು ಜಗತ್ತಿಗೆ ಸಾಬೀತು ಮಾಡಬೇಕಾಗಿದ್ದವರಿಗೆ. ಹಾಗಾಗಿ ನಾನು ಆ ಹಾರಾಟವನ್ನು ಅರಿವಿನ ಸೋಲು ಎನ್ನಲಾರೆ. ಸೋತದ್ದು ಹಿಡಿತ, ಅರಿವಲ್ಲ. ತಿಳಿಯುವುದು ಬೇರೆ, ವಶಪಡಿಸಿಕೊಳ್ಳುವುದು ಬೇರೆ ಎಂಬ ಗೆರೆಯನ್ನು ಕಾದಂಬರಿ ಅಲ್ಲಿ ಎಳೆಯುತ್ತದೆ. ಪಲಾವಿನ ಹಿರಿಯರು ಬುಲ್ ಹಾಕಿ ಎಳೆದ ಗೆರೆಯೂ ಅದೇ. ಮೀನು ಎಲ್ಲಿದೆ ಎಂದು ಅವರಿಗೆ ಗೊತ್ತು, ಗೊತ್ತಿರುವುದರಿಂದಲೇ ಆ ದಿನ ಬಲೆ ಬೀಸುವುದಿಲ್ಲ.

ಕನ್ನಡದ ವಿಜ್ಞಾನ ಬರಹ ಇತ್ತೀಚೆಗೆ ‘ವಿಸ್ಮಯ’ ಎಂಬ ಪದಕ್ಕೆ ಬಹಳ ಒಗ್ಗಿಕೊಂಡಿದೆ. ಹವಳ ಹುಣ್ಣಿಮೆಯ ನಂತರ ಮೊಟ್ಟೆ ಬಿಡುತ್ತದೆ, ಎಂಥ ವಿಸ್ಮಯ ಎಂದು ಬರೆದು ಮುಂದಿನ ವಿಸ್ಮಯಕ್ಕೆ ಹೋಗುತ್ತೇವೆ. ವಿಸ್ಮಯಕ್ಕೆ ಊರಿಲ್ಲ, ತಿಥಿಯಿಲ್ಲ, ಹೇಳಿದವರ ಹೆಸರಿಲ್ಲ. ತೇಜಸ್ವಿಯವರ ಗದ್ಯದಲ್ಲಿ ಅದು ಬಡಕಲಾಗಲಿಲ್ಲ, ಏಕೆಂದರೆ ಅಲ್ಲಿ ಊರಿತ್ತು, ಮಂದಣ್ಣನಿದ್ದ, ಅವನ ಸಾಲ ಮದುವೆ ಕೇಸುಗಳಿದ್ದವು. ಅವರ ದಾರಿಯಲ್ಲಿ ಬರೆಯಹೊರಟವರು ವಿಸ್ಮಯವನ್ನು ಇಟ್ಟುಕೊಂಡು ಮಂದಣ್ಣನನ್ನು ಕೈಬಿಟ್ಟಿದ್ದಾರೆ. ಹವಳದ ಮೀನಿನ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ಬರುವುದಾದರೆ ಅದರಲ್ಲಿ ಅಮಾವಾಸ್ಯೆ ಎಂಬ ಪದ ಅಂದಕ್ಕಾಗಿ ಅಲ್ಲದೆ ಅಳತೆಯಾಗಿ ಬರಬೇಕು, ಬಿತ್ರದ, ಮಲ್ಪೆಯ, ಮುರುಡೇಶ್ವರದ ದೋಣಿಯವರು ಮಾಹಿತಿದಾರರಾಗಿ ಅಲ್ಲದೆ ತಿಳಿದವರಾಗಿ ಬರಬೇಕು. ಅವರು ಯಾವುದನ್ನು ಹೇಳುತ್ತಾರೆ, ಯಾವುದನ್ನು ಹೇಳದೆ ಉಳಿಸಿಕೊಳ್ಳುತ್ತಾರೆ ಎಂಬ ತೀರ್ಮಾನವೂ ಅವರದೇ ಆಗಿರಬೇಕು.